ಕರಾವಳಿಯ ಹವೆಯಲ್ಲಿ ಟಾರಂಟುಲಾ ಸಾಕುವುದು: ಗೂಡು, ಊಟ, ಆರೈಕೆ ಹಂತ ಹಂತವಾಗಿ

ಕಾರವಾರದಲ್ಲಿ ಜುಲೈ ತಿಂಗಳಲ್ಲಿ ಹಪ್ಪಳದ ಡಬ್ಬದ ಮುಚ್ಚಳ ಸ್ವಲ್ಪ ಸಡಿಲವಾದರೂ ಸಾಕು, ಸಂಜೆಯೊಳಗೆ ಹಪ್ಪಳ ಮೆತ್ತಗಾಗುತ್ತದೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಗೂ ಬೂಷ್ಟು. ಟಾರಂಟುಲಾ ಎಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ. ಅಂಥ ಹವೆಯಲ್ಲಿ ನಾನು ದಿನಾ ಬೆಳಿಗ್ಗೆ ಎದ್ದು ನನ್ನ ಮೊದಲ ಟಾರಂಟುಲಾ ಮರಿಯ ಡಬ್ಬಕ್ಕೆ ನೀರು ಸಿಂಪಡಿಸುತ್ತಿದ್ದೆ. ಹೊರದೇಶದ ವಿಡಿಯೊದಲ್ಲಿ ಹಾಗೆ ಹೇಳಿದ್ದರು. ಮೂರು ವಾರ ಆಗುವಷ್ಟರಲ್ಲಿ ಡಬ್ಬದ ತಳಕ್ಕೆ ಬಿಳಿ ಬೂಷ್ಟು ಹಿಡಿಯಿತು, ಆಮೇಲೆ ನುಸಿ ಬಂತು, ಒಂದು ದಿನ ಮರಿ ಕಾಲು ಮಡಚಿಕೊಂಡು ಸತ್ತುಹೋಗಿತ್ತು. ಉಗುರಿನಷ್ಟೇ ದೊಡ್ಡದಿದ್ದ ಜೀವ. ಇವತ್ತಿಗೂ ನೆನಪಾದರೆ ಸಂಕಟ ಆಗುತ್ತದೆ.

ಆ ವಿಡಿಯೊ ತಪ್ಪಲ್ಲ. ಅದು ಹೀಟರ್ ಹಾಕಿಕೊಂಡು ಕೂರುವ, ಗಾಳಿ ಒಣಗಿರುವ ಚಳಿ ದೇಶದ ಮನೆಗೆ ಮಾಡಿದ್ದು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಲ್ಲಿ ಜೇಡಕ್ಕೆ ತೇವ ಕೊಡುವುದು ಕಷ್ಟವಲ್ಲ, ಗಾಳಿ ಕೊಡುವುದು ಕಷ್ಟ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯವರಿಗೆ ಮತ್ತು ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಇರುವವರಿಗೆ ಅನುಕೂಲವಾಗಲಿ ಎಂದು ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ತರುವ ಮೊದಲು

ಟಾರಂಟುಲಾ ನಾಯಿಮರಿ ಥರ ಅಲ್ಲ. ನಿಮ್ಮನ್ನು ಗುರುತಿಸುವುದಿಲ್ಲ, ಮುದ್ದು ಮಾಡಿಸಿಕೊಳ್ಳುವುದಿಲ್ಲ. ಹಗಲೆಲ್ಲ ಅಡಗಿ ಕೂತಿರುತ್ತದೆ. ರಾತ್ರಿ ಹೊರಬಂದು ಒಂದೇ ಕಡೆ ಗಂಟೆಗಟ್ಟಲೆ ನಿಲ್ಲುತ್ತದೆ. ಅದನ್ನು ಸುಮ್ನೆ ನೋಡುತ್ತಾ ಕೂರುವುದೇ ಇಷ್ಟ ಎನ್ನುವವರಿಗೆ ಮಾತ್ರ ಇದು.

ಆಯಸ್ಸಿನ ಬಗ್ಗೆಯೂ ಯೋಚಿಸಿ. ಗಂಡು ದೊಡ್ಡದಾದ ಮೇಲೆ ಜಾಸ್ತಿ ದಿನ ಬದುಕುವುದಿಲ್ಲ. ಆದರೆ ಹಲವು ಜಾತಿಗಳ ಹೆಣ್ಣು 20 ವರ್ಷ ದಾಟಿ ಬದುಕುತ್ತದೆ. ಮಗನ ಹತ್ತನೇ ಹುಟ್ಟುಹಬ್ಬಕ್ಕೆ ತಂದ ಹೆಣ್ಣು ಜೇಡ ಅವನ ಮದುವೆಯ ದಿನವೂ ಮನೆಯಲ್ಲಿ ಇರಬಹುದು. ಮನೆಯವರೆಲ್ಲ ಒಪ್ಪಿದ ಮೇಲೆ ತನ್ನಿ. ಅಡುಗೆಮನೆಯಲ್ಲಿ ಕಂಡು ಯಾರೋ ಪೊರಕೆ ಎತ್ತುವ ಪರಿಸ್ಥಿತಿ ಬರಬಾರದು.

ಇನ್ನೊಂದು ಮುಖ್ಯ ಮಾತು. ನಮ್ಮ ಕಾಡಿನಿಂದ ಹಿಡಿದು ತರಬೇಡಿ. ಪಶ್ಚಿಮ ಘಟ್ಟದಲ್ಲಿ ನಮ್ಮದೇ ಟಾರಂಟುಲಾಗಳಿವೆ. ಥ್ರಿಗ್ಮೋಪಿಯಸ್ ಎಂಬ ಕುಲದವು ಮಣ್ಣಿನ ದರೆಗಳಲ್ಲಿ ಬಿಲ ಮಾಡಿಕೊಂಡು ಇರುತ್ತವೆ. ಈ ಕುಲ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಪೆಸಿಲೋಥೀರಿಯಾ ಕುಲದವು ಹಳೇ ಮರಗಳ ಪೊಟರೆಯಲ್ಲಿ ಇರುತ್ತವೆ. ರಸ್ತೆ ಅಗಲ ಮಾಡಲು ದರೆ ಕಡಿದಾಗ, ಹಳೇ ಮರ ಉರುಳಿಸಿದಾಗ ಇವುಗಳ ಮನೆ ಹೋಗುತ್ತದೆ. ಅದರ ಮೇಲೆ ನಾವೂ ಹಿಡಿಯಲು ಹೋಗುವುದು ಬೇಡ.

ಪೆಸಿಲೋಥೀರಿಯಾ ಕುಲಕ್ಕೇ ಸೇರಿದ, ಆಂಧ್ರದ ಗುತ್ತಿ ಊರಿನ ನೀಲಿ ಜೇಡದ ಕಥೆ ಕೇಳಿ. 1899ರಲ್ಲಿ ಪೋಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಅದನ್ನು ಮೊದಲು ವಿವರಿಸಿದರು. ನಮ್ಮ ಥ್ರಿಗ್ಮೋಪಿಯಸ್‌ಗೆ ಹೆಸರಿಟ್ಟವರೂ ಅವರೇ, ಅದೇ ವರ್ಷ. ಆಮೇಲೆ ನೂರು ವರ್ಷ ಆ ನೀಲಿ ಜೇಡ ಯಾರಿಗೂ ಕಂಡಿರಲಿಲ್ಲ. 2001ರಲ್ಲಿ ಮತ್ತೆ ಸಿಕ್ಕಿತು. ಈಗ ಅದು ಅಳಿವಿನ ಅಂಚಿನಲ್ಲಿದೆ. ಬಣ್ಣ ಚೆಂದ ಎಂದು ಜಗತ್ತಿನಾದ್ಯಂತ ಮಾರುಕಟ್ಟೆ ಇರುವುದೂ ಅದಕ್ಕೆ ಒಂದು ಅಪಾಯ. ಪೆಸಿಲೋಥೀರಿಯಾ ಕುಲ ಪೂರ್ತಿ 2019ರಿಂದ ಸೈಟಿಸ್, ಅಂದರೆ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ.

ಹೊರದೇಶದ ಜಾತಿಗಳಿಗೂ ಕಾನೂನು ಇದೆ. ಮೆಕ್ಸಿಕನ್ ರೆಡ್ ನೀ ಸೇರುವ ಬ್ರಾಕಿಪೆಲ್ಮಾ ಗುಂಪು ಕೂಡ ಸೈಟಿಸ್ ಪಟ್ಟಿಯಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸೈಟಿಸ್ ಪಟ್ಟಿಯ ಜೀವಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಇದಕ್ಕೆ 2024ರಲ್ಲಿ ನಿಯಮ ಬಂದಿದೆ. ಹಾಗಾಗಿ ಮಾರುವವರ ಹತ್ತಿರ ಎರಡು ಪ್ರಶ್ನೆ ಕೇಳಿ: ಇದು ಸಾಕಿದಲ್ಲೇ ಹುಟ್ಟಿದ್ದಾ? ಕಾಗದ ಪತ್ರ ಇದೆಯಾ? ಉತ್ತರ ಸರಿಯಾಗಿ ಬರದಿದ್ದರೆ ಬಿಟ್ಟುಬಿಡಿ. ಸಂಶಯ ಇದ್ದರೆ ಅರಣ್ಯ ಇಲಾಖೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಯೇ ದುಡ್ಡು ಕೊಡಿ.

ಯಾವ ಜಾತಿ?

ಟಾರಂಟುಲಾಗಳಲ್ಲಿ ಸಾವಿರಕ್ಕೂ ಜಾಸ್ತಿ ಜಾತಿಗಳಿವೆ. ಸಾಕುವವರು ಅವನ್ನು ಎರಡು ಗುಂಪು ಮಾಡುತ್ತಾರೆ. ಅಮೆರಿಕ ಖಂಡಗಳ ಬಹಳಷ್ಟು ಜಾತಿಗಳಿಗೆ ಹೊಟ್ಟೆಯ ಮೇಲೆ ತುರಿಕೆ ಕೂದಲು ಇರುತ್ತದೆ. ಹೆದರಿದಾಗ ಹಿಂಗಾಲಿನಿಂದ ಅದನ್ನು ಕೆರೆದು ಗಾಳಿಗೆ ಹಾರಿಸುತ್ತವೆ. ವಿಷ ಅಷ್ಟು ಜೋರಲ್ಲ. ಏಷ್ಯಾ, ಆಫ್ರಿಕಾದವುಗಳಿಗೆ ಆ ಕೂದಲಿಲ್ಲ. ಆದರೆ ಅವು ಭಾರಿ ಚುರುಕು, ಕಚ್ಚಿದರೆ ನೋವೂ ಜಾಸ್ತಿ. ಮೊದಲ ಸಲ ಸಾಕುವವರು ಅಮೆರಿಕದ ಗುಂಪಿನಲ್ಲೇ ಆರಿಸಿಕೊಳ್ಳಬೇಕು.

ಎಲ್ಲರೂ ಮೊದಲು ಹೇಳುವ ಹೆಸರು ಚಿಲಿಯನ್ ರೋಸ್. ಶಾಂತ ಸ್ವಭಾವ, ನಿಜ. ಆದರೆ ಅದು ಒಣ ಸೀಮೆಯ ಜೇಡ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಅದನ್ನು ನೆಮ್ಮದಿಯಾಗಿ ಇಡಲು ತುಂಬಾ ಕಷ್ಟಪಡಬೇಕು. ನನ್ನನ್ನು ಕೇಳಿದರೆ ಕರಾವಳಿಗೆ ಕರ್ಲಿ ಹೇರ್ ಒಳ್ಳೆಯದು. ಗುಂಗುರು ಕೂದಲಿನ ಕಂದು ಜೇಡ, ಮಧ್ಯ ಅಮೆರಿಕದ ಮಳೆ ಬೀಳುವ ಕಡೆಯದು. ಸಮಾಧಾನದ ಪ್ರಾಣಿ, ಚೆನ್ನಾಗಿ ತಿನ್ನುತ್ತದೆ, ನಮ್ಮ ಹವೆಗೆ ಬೇಗ ಹೊಂದುತ್ತದೆ. ಇದಕ್ಕೂ ಸೈಟಿಸ್ ನೋಂದಣಿ ಬೇಕು, ಮರೆಯಬೇಡಿ.

ಗೂಡು ಮಾಡುವುದು

ಇಲ್ಲಿ ಕೊಟ್ಟಿರುವುದು ನೆಲದ ಮೇಲೆ ಬದುಕುವ ಜಾತಿಗಳ ಲೆಕ್ಕ.

1. ಡಬ್ಬ. ಕಾಲು ಚಾಚಿದಾಗ ಜೇಡ ಎಷ್ಟು ಅಗಲ ಇದೆ ನೋಡಿ. ಅದರ ಮೂರು ಪಟ್ಟು ಉದ್ದ, ಎರಡು ಪಟ್ಟು ಅಗಲ ಇದ್ದರೆ ಸಾಕು. ತೀರಾ ದೊಡ್ಡದು ಬೇಡ. ಗಾಜು ಅಥವಾ ಅಕ್ರಿಲಿಕ್ ಒಳ್ಳೆಯದು. ಗಟ್ಟಿ ಪ್ಲಾಸ್ಟಿಕ್ ಡಬ್ಬವೂ ಆಗುತ್ತದೆ. ಕಬ್ಬಿಣದ ಬಿಜಾಗರಿ, ಕೊಂಡಿ ಇರುವುದನ್ನು ಸಮುದ್ರದ ಹತ್ತಿರದವರು ತರಬೇಡಿ. ಉಪ್ಪು ಗಾಳಿಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

2. ಗಾಳಿ. ಮುಚ್ಚಳಕ್ಕೆ ಮಾತ್ರ ತೂತು ಮಾಡಿದರೆ ನಮ್ಮಲ್ಲಿ ಸಾಲದು. ಎದುರುಬದುರು ಎರಡು ಗೋಡೆಗೂ ತೂತು ಬೇಕು. ಒಂದು ಕಡೆ ತಳದ ಮಣ್ಣಿಗಿಂತ ಸ್ವಲ್ಪ ಮೇಲೆ, ಇನ್ನೊಂದು ಕಡೆ ಮುಚ್ಚಳದ ಹತ್ತಿರ. ಹೀಗೆ ಮಾಡಿದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ. ಟಾರಂಟುಲಾ ಉಸಿರಾಡುವುದು ಹೊಟ್ಟೆಯ ಕೆಳಗಿರುವ ಪುಸ್ತಕದ ಹಾಳೆಯಂಥ ಶ್ವಾಸಕೋಶದಿಂದ. ಆ ಭಾಗ ಯಾವಾಗಲೂ ನೆಲಕ್ಕೆ ಹತ್ತಿರವೇ ಇರುತ್ತದೆ. ತಳದಲ್ಲಿ ಗಾಳಿ ಕೊಳೆತರೆ ಅದು ಉಸಿರಾಡುವುದೂ ಅದೇ ಗಾಳಿಯನ್ನು. ಪ್ಲಾಸ್ಟಿಕ್ ಆದರೆ ಸೋಲ್ಡರಿಂಗ್ ಕಡ್ಡಿಯಿಂದ ತೂತು ಮಾಡಬಹುದು. ಹೊರಗೆ ನಿಂತು ಮಾಡಿ, ಆ ಹೊಗೆ ಒಳ್ಳೆಯದಲ್ಲ. ತೂತು ಜೇಡದ ಎದೆಭಾಗಕ್ಕಿಂತ ಚಿಕ್ಕದಿರಲಿ. ಹೊಟ್ಟೆ ನುಸುಳುವುದಿಲ್ಲ ಎಂದು ನಂಬಬೇಡಿ, ಅದು ಮೆತ್ತಗಿದೆ, ಒತ್ತಿದರೆ ನುಸುಳುತ್ತದೆ. ಮುಚ್ಚಳಕ್ಕೆ ತಂತಿ ಜಾಲರಿಯೂ ಬೇಡ. ಜೇಡದ ಕಾಲಿನ ಉಗುರು ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

3. ತಳದ ಮಣ್ಣು. ತೆಂಗಿನ ನಾರಿನ ಪುಡಿ, ಅಂಗಡಿಯಲ್ಲಿ ಕೋಕೋಪೀಟ್ ಎಂದು ಕೊಡುತ್ತಾರಲ್ಲ, ಅದೇ. ಅದರಲ್ಲಿ ಉಪ್ಪಿನ ಅಂಶ ಇರಬಹುದು. ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಹಿಂಡಿ, ಬಿಸಿಲಿಗೆ ಹರಡಿ. ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ತಿಂಗಳಲ್ಲೇ ಒಣಗಿಸಿ ಮುಚ್ಚಿಡಿ. ನಮ್ಮ ಮನೆಯಲ್ಲಿ ಹಪ್ಪಳ, ಸಂಡಿಗೆ ಒಣಗಿಸುವ ಹೊತ್ತಿಗೇ ಇದನ್ನೂ ಒಣಗಿಸುತ್ತೇವೆ. ಡಬ್ಬಕ್ಕೆ ಹಾಕುವಾಗ ಚೆನ್ನಾಗಿ ಒತ್ತಿ, ಜೇಡ ಬಿಲ ತೋಡಿದರೆ ಕುಸಿಯಬಾರದು. ಅಡಿಕೆ ತೋಟದ ಮಣ್ಣು ಖಂಡಿತ ಬೇಡ. ಕೊಳೆರೋಗಕ್ಕೆ ಬೋರ್ಡೋ ಹೊಡೆದ ತೋಟದಲ್ಲಿ ಮೈಲುತುತ್ತದ ಅಂಶ ಮಣ್ಣಿಗೂ ಇಳಿದಿರುತ್ತದೆ.

4. ಎತ್ತರ. ಮಣ್ಣಿನಿಂದ ಮುಚ್ಚಳದವರೆಗಿನ ಜಾಗ ಜೇಡದ ಕಾಲಗಲದ ಒಂದೂವರೆ ಪಟ್ಟಿಗಿಂತ ಜಾಸ್ತಿ ಇರಬಾರದು. ಇವು ಗಾಜು ಹತ್ತುತ್ತವೆ. ತುಂಬಿದ ಹೊಟ್ಟೆಯಲ್ಲಿ ಮೇಲಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತವೆ. ಡಬ್ಬ ಎತ್ತರವಾಗಿದ್ದರೆ ಮಣ್ಣು ಜಾಸ್ತಿ ಹಾಕಿ.

5. ಅಡಗಲು ಜಾಗ. ಅರ್ಧ ತೆಂಗಿನ ಕರಟ ಒಳ್ಳೆಯದು. ಒಳಗೆ ಕಾಯಿಯ ಚೂರೂ ಉಳಿಯದಂತೆ ಹೆರೆದು, ಕುದಿಸಿ, ಒಣಗಿಸಬೇಕು. ಚೂರು ಉಳಿದರೂ ಬೂಷ್ಟು ಮತ್ತು ಇರುವೆ ಎರಡೂ ಬರುತ್ತವೆ. ಮಣ್ಣಿನ ಕುಂಡದ ಒಡೆದ ಚೂರು ಇನ್ನೂ ಒಳ್ಳೆಯದು, ಅದಕ್ಕೆ ಬೂಷ್ಟಿನ ಕಾಟ ಕಡಿಮೆ. ಬಿದಿರು, ಅಡಿಕೆ ಹಾಳೆ ನೋಡಲು ಚೆಂದ. ಆದರೆ ನಮ್ಮ ಮಳೆಗಾಲದಲ್ಲಿ ಒಂದು ವಾರವೂ ತಡೆಯುವುದಿಲ್ಲ.

6. ನೀರಿನ ಬಟ್ಟಲು. ತಗ್ಗಾದ, ಭಾರದ ಬಟ್ಟಲು ಒಂದು ಮೂಲೆಯಲ್ಲಿ ಸದಾ ಇರಲಿ. ಹತ್ತಿ, ಸ್ಪಂಜು ಹಾಕಬೇಡಿ, ಅದು ಕೊಳೆಯುತ್ತದೆ. ಬಾವಿ ನೀರು ಆಗುತ್ತದೆ.

ನೀರು ಸಿಂಪಡಿಸುವ ವಿಷಯ ಇಲ್ಲಿಗೇ ಮುಗಿಸಿಬಿಡುತ್ತೇನೆ. ಸಿಂಪಡಿಸಬೇಡಿ. ತೇವ ಬೇಕು ಅನ್ನಿಸಿದರೆ ಬಟ್ಟಲು ತುಂಬಿ ಸ್ವಲ್ಪ ಚೆಲ್ಲುವಂತೆ ನೀರು ಹಾಕಿ. ಆ ಮೂಲೆ ಮಾತ್ರ ಒದ್ದೆಯಾಗುತ್ತದೆ, ಉಳಿದದ್ದು ಒಣಗಿರುತ್ತದೆ. ಎಲ್ಲಿ ಕೂರಬೇಕು ಎಂದು ಜೇಡವೇ ಆರಿಸಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನೂ ನಾನು ಮಾಡುವುದಿಲ್ಲ. ಬಟ್ಟಲಿನ ನೀರೇ ಸಾಕಾಗುತ್ತದೆ.

ಇರುವೆ

ಇದಕ್ಕೆ ಬೇರೆಯೇ ಭಾಗ ಬೇಕು. ಕರಾವಳಿಯಲ್ಲಿ ಟಾರಂಟುಲಾಕ್ಕೆ ಇರುವೆಗಿಂತ ದೊಡ್ಡ ಶತ್ರು ಇಲ್ಲ. ಪೊರೆ ಬಿಡುತ್ತಿರುವ ಜೇಡ ಗಂಟೆಗಟ್ಟಲೆ ಅಲ್ಲಾಡಲಾರದೆ ಬಿದ್ದಿರುತ್ತದೆ, ಮೈ ಹೂವಿನಷ್ಟು ಮೆತ್ತಗಿರುತ್ತದೆ. ಆಗ ಇರುವೆ ಸಾಲು ಹೊಕ್ಕರೆ ಉಳಿಯುವುದಿಲ್ಲ. ಮೊದಲ ಮಳೆ ಬಿದ್ದು ಇರುವೆ ಗೂಡಿಗೆ ನೀರು ನುಗ್ಗಿದಾಗ ಅವು ಮನೆಯೊಳಗೆ ಬರುತ್ತವೆ. ಜೂನ್ ಮೊದಲ ವಾರ ಅದಕ್ಕೇ ತುಂಬಾ ಎಚ್ಚರ ಬೇಕು.

ನಮ್ಮ ಅಜ್ಜಿಯರು ಬೆಲ್ಲದ ಡಬ್ಬವನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುತ್ತಿದ್ದರು, ನೆನಪಿದೆಯಾ? ಅದೇ ಉಪಾಯ. ಗೂಡು ಇಟ್ಟ ಮೇಜಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಡಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಇರುವೆ ಮೇಲೆ ತೇಲಿ ದಾಟಲಾರದು. ಮೇಜು ಗೋಡೆಗೆ ತಾಗಬಾರದು. ಪರದೆ, ವೈರು, ಬಳ್ಳಿ ಯಾವುದೂ ತಾಗಬಾರದು. ಒಂದೇ ಒಂದು ದಾರ ತಾಗಿದ್ದರೂ ಅದೇ ಸೇತುವೆ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಇರುವೆಗೆ ಗೆರೆ ಎಳೆಯುವ ವಿಷದ ಸೀಮೆಸುಣ್ಣ, ಪುಡಿ ಯಾವುದನ್ನೂ ಆ ಕೋಣೆಯಲ್ಲಿ ಬಳಸಬೇಡಿ. ಇರುವೆಯನ್ನು ಕೊಲ್ಲುವ ಔಷಧಿ ಜೇಡವನ್ನೂ ಕೊಲ್ಲುತ್ತದೆ.

ಮನೆಗೆ ಬಂದ ಮೊದಲ ವಾರ

ಪೆಟ್ಟಿಗೆಯನ್ನು ಗೂಡಿನ ಒಳಗೇ ಇಟ್ಟು ತೆರೆಯಿರಿ. ಉದ್ದ ಕಡ್ಡಿಯ ಮೆತ್ತಗಿನ ಪೇಂಟ್ ಬ್ರಷ್‌ನಿಂದ ಹಿಂಗಾಲನ್ನು ನಿಧಾನಕ್ಕೆ ಮುಟ್ಟಿದರೆ ತಾನಾಗಿ ಮುಂದೆ ಹೋಗುತ್ತದೆ. ಮುಚ್ಚಳ ಹಾಕಿ, ನೀರು ಇಡಿ. ಆಮೇಲೆ ಒಂದು ವಾರ ಊಟ ಕೊಡಬೇಡಿ. ನೆಂಟರನ್ನು ಕರೆದು ತೋರಿಸಬೇಡಿ. ಪದೇ ಪದೇ ಮುಚ್ಚಳ ತೆಗೆಯಬೇಡಿ. ಮೂಲೆಯಲ್ಲಿ ಮುದುಡಿ ಕೂತಿದ್ದರೆ, ಗೋಡೆ ಹತ್ತುತ್ತಿದ್ದರೆ ಗಾಬರಿ ಬೇಡ. ಹೊಸ ಜಾಗ, ಅದಕ್ಕೂ ಸಮಯ ಬೇಕಲ್ವಾ?

ಊಟ: ಏನು, ಎಷ್ಟು, ಯಾವಾಗ

ಏನು ಕೊಡಬೇಕು? ಜೀವಂತ ಹುಳುಗಳು. ಕ್ರಿಕೆಟ್ ಹುಳು, ಅಂದರೆ ರಾತ್ರಿ ಮನೆ ಮೂಲೆಯಲ್ಲಿ ಕಿರ್ರೆಂದು ಕೂಗುತ್ತದಲ್ಲ ಅದರ ಜಾತಿಯದೇ. ಸಾಕಿದ ಜಿರಳೆ. ಮೀಲ್‌ವರ್ಮ್, ಸೂಪರ್‌ವರ್ಮ್, ಅಂದರೆ ದುಂಬಿಗಳ ಮರಿಹುಳು. ಅಲಂಕಾರಿಕ ಮೀನು ಮತ್ತು ಹಕ್ಕಿ ಸಾಕುವವರಿಗೆ ಇವನ್ನು ಮಾರುತ್ತಾರೆ. ನಮ್ಮ ಊರಲ್ಲಿ ಯಾವಾಗಲೂ ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು. ಮಳೆಗಾಲದಲ್ಲಿ ಪಾರ್ಸೆಲ್ ಎರಡು ದಿನ ತಡವಾಗಿ ಅರ್ಧ ಹುಳು ಸತ್ತೇ ಬರುತ್ತವೆ. ಅದಕ್ಕೇ ಮನೆಯಲ್ಲೇ ಬೆಳೆಸುವುದು ಒಳ್ಳೆಯದು, ಮುಂದೆ ಹೇಳುತ್ತೇನೆ.

ಅಂಗಳದ ಮಿಡತೆ, ಅಡುಗೆಮನೆಯ ಜಿರಳೆ ಹಿಡಿದು ಹಾಕಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಅದು ಯಾವ ಗದ್ದೆಯ ಔಷಧಿ ತಿಂದು ಬಂದಿದೆಯೋ ಗೊತ್ತಿಲ್ಲ. ಹೊಟ್ಟೆಯೊಳಗೆ ಪರೋಪಜೀವಿ ಇರಬಹುದು. ಹಲ್ಲಿ, ಇಲಿಮರಿ ಕೂಡ ಬೇಡ. ಹುಳುವಿನಲ್ಲೇ ಅದಕ್ಕೆ ಬೇಕಾದ್ದೆಲ್ಲ ಇದೆ. ಕ್ಯಾಲ್ಸಿಯಂ ಪುಡಿಯ ಅಗತ್ಯವೂ ಇಲ್ಲ, ಜೇಡಕ್ಕೆ ಮೂಳೆಯೇ ಇಲ್ಲ.

ಎಷ್ಟು ದೊಡ್ಡದು? ಜೇಡದ ಹೊಟ್ಟೆಗಿಂತ ದೊಡ್ಡ ಹುಳು ಕೊಡಬೇಡಿ. ಸ್ವಲ್ಪ ಚಿಕ್ಕದೇ ಒಳ್ಳೆಯದು.

ಎಷ್ಟು ದಿನಕ್ಕೊಮ್ಮೆ? ಉಗುರಿನಷ್ಟಿರುವ ಮರಿಗೆ ಮೂರು ನಾಲ್ಕು ದಿನಕ್ಕೊಮ್ಮೆ. ಎಳೆಯದಕ್ಕೆ ವಾರಕ್ಕೊಮ್ಮೆ. ದೊಡ್ಡದಕ್ಕೆ ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಹುಳು ಸಾಕು. ಕ್ಯಾಲೆಂಡರ್‌ಗಿಂತ ಹೊಟ್ಟೆ ನೋಡಿ ತೀರ್ಮಾನಿಸಿ. ಹೊಟ್ಟೆ ಎದೆಭಾಗಕ್ಕಿಂತ ಸ್ವಲ್ಪ ದೊಡ್ಡದಾಗಿ, ದುಂಡಗೆ ಇದ್ದರೆ ಸರಿಯಾಗಿದೆ. ಎರಡು ಪಟ್ಟಿಗೆ ಬಂದಿದ್ದರೆ ಊಟ ನಿಲ್ಲಿಸಿ. ಬತ್ತಿ ಸುಕ್ಕಾಗಿದ್ದರೆ ಊಟಕ್ಕಿಂತ ಮೊದಲು ನೀರಿನ ಬಟ್ಟಲು ನೋಡಿ.

ನಮ್ಮ ಕಡೆ ಅತಿಥಿಗೆ ಮತ್ತೊಂದು ಸೌಟು ಬಡಿಸದೆ ಬಿಡುವುದಿಲ್ಲ. ಆ ಪ್ರೀತಿ ಇಲ್ಲಿ ಬೇಡ. ಟಾರಂಟುಲಾ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹಸಿವಿನಿಂದ ಸತ್ತ ಸಾಕು ಟಾರಂಟುಲಾವನ್ನು ನಾನು ಕಂಡಿಲ್ಲ. ಜಾಸ್ತಿ ತಿಂದು, ಉಬ್ಬಿದ ಹೊಟ್ಟೆ ಕಲ್ಲಿಗೆ ತಾಗಿ ಒಡೆದದ್ದನ್ನು ನೋಡಿದ್ದೇನೆ.

ಹೇಗೆ ಕೊಡಬೇಕು? ಸಂಜೆ ದೀಪ ಹಚ್ಚಿದ ಮೇಲೆ, ಅದು ಹೊರಬರುವ ಹೊತ್ತಿಗೆ ಕೊಡಿ. ಮುಚ್ಚಳ ತೆಗೆಯುವ ಮೊದಲು ಜೇಡ ಎಲ್ಲಿದೆ ನೋಡಿಕೊಳ್ಳಿ. ಉದ್ದ ಚಿಮಟದಿಂದ ಹುಳುವನ್ನು ಅದರ ಮುಂದೆ, ಸ್ವಲ್ಪ ದೂರದಲ್ಲಿ ಬಿಡಿ. ಮೀಲ್‌ವರ್ಮ್ ಆದರೆ ಮೊದಲು ಅದರ ತಲೆ ಜಜ್ಜಿ. ಇಲ್ಲದಿದ್ದರೆ ಮಣ್ಣಿನೊಳಗೆ ಹೊಕ್ಕು ಅಡಗಿಕೊಳ್ಳುತ್ತದೆ, ಮುಂದೊಂದು ದಿನ ಪೊರೆ ಬಿಡುತ್ತಿರುವ ಜೇಡವನ್ನೇ ಕಚ್ಚಬಹುದು. ತೀರಾ ಚಿಕ್ಕ ಮರಿಗೆ ಓಡುವ ಹುಳು ಹಿಡಿಯಲು ಆಗುವುದಿಲ್ಲ. ಕ್ರಿಕೆಟ್ ಹುಳುವಿನ ಕಾಲು ಅಥವಾ ಮೀಲ್‌ವರ್ಮ್‌ನ ಸಣ್ಣ ತುಂಡು ಇಟ್ಟರೆ ಬಂದು ತಿನ್ನುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಗೂಡು ನೋಡಿ. ತಿನ್ನದೆ ಬಿಟ್ಟ ಹುಳು ಇದ್ದರೆ ತೆಗೆಯಿರಿ. ತಿಂದು ಬಿಟ್ಟ ಉಂಡೆಯನ್ನೂ ತೆಗೆಯಿರಿ. ಒಣ ಊರಲ್ಲಿ ಇದನ್ನು ಎರಡು ದಿನ ಬಿಟ್ಟರೂ ನಡೆಯುತ್ತದೆ. ನಮ್ಮಲ್ಲಿ ಒಂದೇ ರಾತ್ರಿಗೆ ಬೂಷ್ಟು, ಮರುದಿನ ನುಸಿ ಮತ್ತು ಸಣ್ಣ ನೊಣ.

ಮೀಲ್‌ವರ್ಮ್ ಮನೆಯಲ್ಲೇ

ಅಗಲದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಗೋಧಿ ತೌಡನ್ನು ಎಣ್ಣೆ ಹಾಕದೆ ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಆರಿಸಿ, ಮೂರು ಬೆರಳಿನಷ್ಟು ದಪ್ಪಕ್ಕೆ ಹರಡಿ. ಬಿಸಿ ಮಾಡಿದರೆ ತೌಡಿನಲ್ಲಿದ್ದ ನುಸಿ ಸಾಯುತ್ತದೆ, ತೇವವೂ ಹೋಗುತ್ತದೆ. ಹುಳುಗಳನ್ನು ಬಿಡಿ. ನೀರು ಇಡಬೇಡಿ. ಒಂದೆರಡು ಕ್ಯಾರೆಟ್ ತುಂಡು ಸಾಕು. ಬೇಸಿಗೆಯಲ್ಲಿ ಎರಡು ದಿನ ಇಡಬಹುದು, ಮಳೆಗಾಲದಲ್ಲಿ ಬೆಳಿಗ್ಗೆ ಇಟ್ಟು ಸಂಜೆ ತೆಗೆಯಿರಿ.

ಹುಳು ಕೋಶವಾಗಿ, ಕೋಶ ಕಪ್ಪು ದುಂಬಿಯಾಗಿ, ದುಂಬಿ ಮೊಟ್ಟೆ ಇಟ್ಟು ಮತ್ತೆ ಹುಳು ಬರಲು ಕೆಲವು ತಿಂಗಳು ಬೇಕು. ಆದ್ದರಿಂದ ಎರಡು ಡಬ್ಬ ಇಟ್ಟುಕೊಳ್ಳಿ. ಒಂದರಿಂದ ಬಳಸುತ್ತಾ ಇರಿ, ಇನ್ನೊಂದನ್ನು ಬೆಳೆಯಲು ಬಿಡಿ. ಇದಕ್ಕೂ ಇರುವೆಯ ನೀರಿನ ತಟ್ಟೆ ಬೇಕೇ ಬೇಕು. ಜೇಡಕ್ಕೆ ಕೊಡುವ ಹಿಂದಿನ ದಿನ ಹುಳುವಿಗೆ ಒಂದಿಷ್ಟು ಸಿಹಿಗುಂಬಳದ ತುಂಡು ತಿನ್ನಿಸಿ. ಅದು ತಿಂದದ್ದೇ ಜೇಡಕ್ಕೂ ಸೇರುತ್ತದೆ. ಅಂಗಡಿಯಿಂದ ತಂದ ತರಕಾರಿಯನ್ನು ತೊಳೆದು ಸಿಪ್ಪೆ ತೆಗೆದೇ ಕೊಡಿ.

ಪೊರೆ ಬಿಡುವ ಕಾಲ

ಚೆನ್ನಾಗಿ ತಿನ್ನುತ್ತಿದ್ದ ಜೇಡ ಒಂದು ದಿನ ಊಟ ಬಿಡುತ್ತದೆ. ಹೊಟ್ಟೆ ಹೊಳೆಯುತ್ತದೆ. ಕೂದಲು ಉದುರಿ ಬೋಳಾದ ಜಾಗ ಕಪ್ಪಾಗುತ್ತದೆ. ಕೆಲವು ಬಿಲದ ಬಾಯಿ ಮುಚ್ಚಿಕೊಳ್ಳುತ್ತವೆ. ಮರಿಗೆ ಕೆಲವು ದಿನ, ದೊಡ್ಡದಕ್ಕೆ ಕೆಲವು ತಿಂಗಳು ಹೀಗೆ ಇರಬಹುದು. ಆಗ ನೀವು ಮಾಡಬೇಕಾದ್ದು ಇಷ್ಟೇ: ಹುಳು ಹಾಕಬೇಡಿ, ನೀರು ತುಂಬಿಡಿ, ಇರುವೆ ಬಟ್ಟಲು ನೋಡಿಕೊಳ್ಳಿ.

ಆಮೇಲೆ ಒಂದು ದಿನ ಅದು ಅಂಗಾತ ಮಲಗಿರುತ್ತದೆ. ಸತ್ತಿದೆ ಎಂದುಕೊಳ್ಳಬೇಡಿ! ಇಲ್ಲಿ ಎಷ್ಟೋ ಜನ ತಪ್ಪು ಮಾಡುತ್ತಾರೆ. ಬದುಕಿದ ಜೇಡವನ್ನು ಸತ್ತಿತೆಂದು ಎತ್ತಿ ಎಸೆದವರೂ ಇದ್ದಾರೆ. ಬೆನ್ನ ಮೇಲೆ ಮಲಗಿ, ಕಾಲು ಹರಡಿದ್ದರೆ ಅದು ಪೊರೆ ಬಿಡುತ್ತಿದೆ. ಸಾಯುವ ಜೇಡ ಕಾಲೂರಿ ಕೂತಲ್ಲೇ, ಕಾಲುಗಳನ್ನು ಮೈ ಕೆಳಗೆ ಮಡಚಿಕೊಳ್ಳುತ್ತದೆ. ಅಂಗಾತ ಮಲಗಿದ್ದನ್ನು ಮುಟ್ಟಬೇಡಿ, ತಿರುಗಿಸಬೇಡಿ, ಊದಬೇಡಿ, ನೀರು ಚಿಮುಕಿಸಬೇಡಿ. ಮೇಜು ಅಲ್ಲಾಡಿಸಬೇಡಿ. ಕೆಲವು ಗಂಟೆಗಳಲ್ಲಿ ಹಳೆ ಪೊರೆಯಿಂದ ಹೊಸ ಜೇಡ ಹೊರಬರುತ್ತದೆ, ಬಣ್ಣ ಹೊಸ ಸೀರೆಯ ಹಾಗೆ ಹೊಳೆಯುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಉಸಿರು ಬಿಗಿಹಿಡಿದೇ ಕೂರುತ್ತೇನೆ.

ಆಗ ಅದರ ಕೋರೆಹಲ್ಲು ಬಿಳಿ ಇರುತ್ತದೆ, ಇನ್ನೂ ಮೆತ್ತಗೆ. ನಿಧಾನಕ್ಕೆ ಕೆಂಪಾಗಿ ಕೊನೆಗೆ ಕಪ್ಪಾಗುತ್ತದೆ. ಪೂರ್ತಿ ಕಪ್ಪಾಗುವವರೆಗೆ ಊಟ ಇಲ್ಲ. ಮರಿಗೆ ಐದಾರು ದಿನ, ದೊಡ್ಡದಕ್ಕೆ ಹತ್ತರಿಂದ ಹದಿನೈದು ದಿನ ಕಾಯಿರಿ. ಮುರಿದುಹೋದ ಕಾಲು ಕೂಡ ಪೊರೆ ಬಿಡುತ್ತಾ ಮತ್ತೆ ಬೆಳೆಯುತ್ತದೆ.

ವರ್ಷದ ಮೂರು ಕಾಲ

ಬೇಸಿಗೆಯಲ್ಲಿ ತಗಡಿನ ಅಥವಾ ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಗೂಡು ಇಡಬೇಡಿ. ಕಿಟಕಿಯ ಬಿಸಿಲು ಅರ್ಧ ಗಂಟೆ ಗಾಜಿನ ಡಬ್ಬಕ್ಕೆ ಬಿದ್ದರೂ ಒಳಗೆ ಬೆಂದುಹೋಗುತ್ತದೆ. ಮನೆಯ ನಡುವಿನ ತಂಪು ಕೋಣೆ ಸರಿ. ನಮಗೆ ಸಹಿಸಲು ಆಗುವ ಸೆಕೆ ಅದಕ್ಕೂ ಆಗುತ್ತದೆ.

ಮಳೆಗಾಲದಲ್ಲಿ ಮುಚ್ಚಿದ ಕಪಾಟಿನೊಳಗೆ ಇಡಬೇಡಿ. ಗಾಳಿ ಆಡುವ ಕೋಣೆ ಬೇಕು, ಆದರೆ ಫ್ಯಾನಿನ ನೇರ ಗಾಳಿ ಬೇಡ. ಗಾಜಿನ ಒಳಗೆ ನೀರಿನ ಹನಿ ಕಟ್ಟಿದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ, ಇನ್ನೂ ನಾಲ್ಕು ತೂತು ಮಾಡಿ. ಬೂಷ್ಟು ಕಂಡರೆ ಆ ಭಾಗದ ಮಣ್ಣನ್ನು ಚಮಚದಿಂದ ತೆಗೆದು ಒಣ ಪುಡಿ ಹಾಕಿ. ನುಸಿ ತುಂಬಿದ್ದರೆ ಪೂರ್ತಿ ಮಣ್ಣು ಬದಲಿಸಿ.

ಚಳಿಗಾಲ ಕಾರವಾರದಲ್ಲಿ ಲೆಕ್ಕಕ್ಕಿಲ್ಲ. ಶಿರಸಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಚೆನ್ನಾಗಿ ಚಳಿ ಬೀಳುತ್ತದೆ. ಕಿಟಕಿಯಿಂದ ದೂರ, ಒಳಕೋಣೆಯಲ್ಲಿ ಇಟ್ಟರೆ ಸಾಕು. ಬಲ್ಬು, ಹೀಟರ್ ಬೇಡ. ಚಳಿಯಲ್ಲಿ ಊಟ ಕಡಿಮೆ ಮಾಡುತ್ತದೆ, ಅದು ಸಹಜ. ಬಚ್ಚಲ ಒಲೆಯ ಹತ್ತಿರ ಬೆಚ್ಚಗಿದೆ ಎಂದು ಅಲ್ಲಿ ಇಡಬೇಡಿ, ಹೊಗೆ ಆಗುವುದಿಲ್ಲ.

ಮನೆಯೊಳಗಿನ ವಿಷ

ಸೊಳ್ಳೆ ಬತ್ತಿ, ಸೊಳ್ಳೆ ಓಡಿಸುವ ಲಿಕ್ವಿಡ್, ಜಿರಳೆ ಸ್ಪ್ರೇ, ನುಸಿಗುಳಿಗೆ ಇವ್ಯಾವುದೂ ಆ ಕೋಣೆಯಲ್ಲಿ ಇರಬಾರದು. ಸೊಳ್ಳೆಗೆ ಪರದೆ ಕಟ್ಟಿಕೊಳ್ಳಿ. ಚೌತಿಗೆ ಮೊದಲು ಮನೆಗೆಲ್ಲ ಬಣ್ಣ ಬಳಿಯುತ್ತೇವಲ್ಲ, ಆಗ ಗೂಡನ್ನು ನೆಂಟರ ಮನೆಗೆ ಸಾಗಿಸಿ. ವಾಸನೆ ಪೂರ್ತಿ ಹೋದ ಮೇಲೆ ತನ್ನಿ. ಬೀದಿಯಲ್ಲಿ ಡೆಂಗ್ಯೂಗೆ ಹೊಗೆ ಹಾಕಲು ಬಂದರೆ ಕಿಟಕಿ ಮುಚ್ಚಿ. ಸಿದ್ದಾಪುರದ ಕಡೆ ಕಾಡಿಗೆ ಹೋಗುವವರು ಮಂಗನ ಕಾಯಿಲೆ ಹರಡುವ ಉಣ್ಣೆ ಕಚ್ಚದಿರಲಿ ಎಂದು ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಅದನ್ನು ತಪ್ಪದೆ ಹಚ್ಚಿಕೊಳ್ಳಿ. ಆದರೆ ಸೋಪು ಹಾಕಿ ಕೈ ತೊಳೆಯದೆ ಗೂಡನ್ನೂ ಹುಳುವಿನ ಡಬ್ಬವನ್ನೂ ಮುಟ್ಟಬೇಡಿ.

ಏನಾದರೂ ಆದರೆ

ಕಾಲು ಮಡಚಿಕೊಂಡು, ಹೊಟ್ಟೆ ಸುಕ್ಕಾಗಿದ್ದರೆ ನೀರು ಕಡಿಮೆಯಾಗಿರಬಹುದು. ತಗ್ಗು ತಟ್ಟೆಯ ಅಂಚಿನಲ್ಲಿ ಬಾಯಿ ಮಾತ್ರ ನೀರಿಗೆ ತಾಗುವಂತೆ ಕೂರಿಸಿ. ಹೊಟ್ಟೆಯ ಕೆಳಭಾಗ ನೀರಿಗೆ ಬೀಳಬಾರದು.

ಗಾಯವಾಗಿ ತಿಳಿ ನೀಲಿ ದ್ರವ ಬರುತ್ತಿದ್ದರೆ ಅದು ಅದರ ರಕ್ತ. ಕಾಲಿನ ಗಾಯಕ್ಕೆ ಮೆಕ್ಕೆಜೋಳದ ಹಿಟ್ಟು, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವುದನ್ನು, ಬ್ರಷ್‌ನಿಂದ ಹಚ್ಚಿ. ರಕ್ತ ನಿಲ್ಲುತ್ತದೆ.

ಬಾಯಿಯ ಸುತ್ತ ಬಿಳಿ ಮೊಸರಿನಂಥದ್ದು ಕಂಡು, ಕೆಟ್ಟ ವಾಸನೆ ಬಂದರೆ ಅದು ಹುಳುರೋಗ, ಅಂದರೆ ಮೈಯೊಳಗೆ ಸೇರುವ ಅತಿ ಸಣ್ಣ ನೆಮಟೋಡ್ ಹುಳುಗಳಿಂದ ಬರುವ ರೋಗ. ಉಳಿಯುವುದು ಕಷ್ಟ. ಬೇರೆ ಜೇಡಗಳಿದ್ದರೆ ತಕ್ಷಣ ದೂರ ಇಡಿ, ಚಿಮಟ, ಬ್ರಷ್ ಎಲ್ಲ ಬೇರೆ ಮಾಡಿ.

ಕೈಯಲ್ಲಿ ಹಿಡಿಯಬಹುದಾ? ನಾನು ಹಿಡಿಯುವುದಿಲ್ಲ. ಅದಕ್ಕೆ ಅದರಿಂದ ಯಾವ ಸುಖವೂ ಇಲ್ಲ. ಎದೆಯ ಎತ್ತರದಿಂದ ಬಿದ್ದರೆ ಸತ್ತೇ ಹೋಗುತ್ತದೆ. ಮಕ್ಕಳು ಆಸೆಪಟ್ಟರೆ ಕಳಚಿದ ಪೊರೆಯನ್ನು ಗಾಜಿನ ಬಾಟಲಿಗೆ ಹಾಕಿ ಕೈಗೆ ಕೊಡಿ. ಕೋರೆಹಲ್ಲಿನವರೆಗೆ ಎಲ್ಲ ಕಾಣುತ್ತದೆ. ಪೊರೆಯನ್ನು ಬರಿಗೈಲಿ ಮುಟ್ಟಬೇಡಿ, ತುರಿಕೆ ಕೂದಲು ಅದರಲ್ಲೂ ಇರುತ್ತದೆ. ಆ ಕೂದಲು ಕಣ್ಣಿಗೆ ಹೋದರೆ ಉಜ್ಜದೆ ನೀರಿನಿಂದ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಚ್ಚಿದರೆ ಸೋಪಿನಲ್ಲಿ ತೊಳೆದು, ಐಸ್ ಇಟ್ಟು, ಡಾಕ್ಟರಿಗೆ ಯಾವ ಜಾತಿ ಎಂದು ಹೇಳಿ. ಪೆಸಿಲೋಥೀರಿಯಾ ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಇರುತ್ತದೆ. ಉಸಿರಾಟ ಕಷ್ಟವಾದರೆ, ಮೈ ಊದಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಸಾಕಲು ಆಗದೆ ಹೋದರೆ ಗುಡ್ಡಕ್ಕೆ ಬಿಡಬೇಡಿ. ಅದು ನಮ್ಮ ಕಾಡಿನದಲ್ಲ. ಸಾಕುವ ಇನ್ನೊಬ್ಬರಿಗೆ ಕಾಗದ ಸಮೇತ ಕೊಡಿ.

ಮಾರಿಕಾಂಬಾ ಜಾತ್ರೆಗೆಂದು ಶಿರಸಿಗೆ ಹೊರಟು ವಾರ ಹತ್ತು ದಿನ ಮನೆ ಬೀಗ ಹಾಕುವುದಾದರೆ ಚಿಂತೆ ಬೇಡ. ಹೊರಡುವ ಎರಡು ದಿನ ಮೊದಲು ಊಟ ಕೊಟ್ಟು, ಉಳಿದದ್ದನ್ನು ತೆಗೆದು, ಬಟ್ಟಲು ತುಂಬಿ ಹೋಗಿ. ಪಕ್ಕದ ಮನೆಯ ಅಕ್ಕನಿಗೆ ಕೀಲಿ ಕೊಡುವಾಗ ನೀರಿನ ಬಟ್ಟಲಿಗೂ ಮೇಜಿನ ಕಾಲಿನ ಬಟ್ಟಲಿಗೂ ನೀರು ಹಾಕಿ ಎಂದಷ್ಟೇ ಹೇಳಿ. ಊಟ ಹಾಕಲು ಹೇಳಬೇಡಿ.